ದಿನಾ ಐದಾರು ಪುಟ ಕನ್ನಡ ಬರೆಯಬೇಕು, ಯಾವ ಇಂಕ್ ಪೆನ್ ತಗೊಳ್ಳಲಿ?

ಮಧುಗಿರಿ ಮಿಸ್:

ಎಲ್ಲರಿಗೂ ನಮಸ್ಕಾರ. ಮಧುಗಿರಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಬರವಣಿಗೆ ಜಾಸ್ತಿ ಇರುವ ಕೆಲಸ. ಪಾಠ ಟಿಪ್ಪಣಿ, ಸಭೆ ನಡಾವಳಿ, ಮಕ್ಕಳ ನೋಟ್ಸ್ ತಿದ್ದುವುದು, ರಾತ್ರಿ ಮಲಗುವ ಮುಂಚೆ ಒಂದು ಪುಟ ದಿನಚರಿ. ಎಲ್ಲಾ ಸೇರಿ ದಿನಕ್ಕೆ ಐದಾರು ಪುಟ ಆಗುತ್ತದೆ. ಬಾಲ್ ಪೆನ್ನಿನಲ್ಲಿ ಒತ್ತಿ ಒತ್ತಿ ಹೆಬ್ಬೆರಳಿನ ಬುಡ ನೋಯುತ್ತಿದೆ. ಇಂಕ್ ಪೆನ್ನಿನಲ್ಲಿ ಒತ್ತುವ ಕೆಲಸವೇ ಇಲ್ಲ ಅಂತ ಹೇಳಿದರು.

ಹೋದ ವರ್ಷ ಒಂದು ತಗೊಂಡು ಬುದ್ಧಿ ಕಲಿತೆ. ತುಮಕೂರಿನ ಒಂದು ಗಿಫ್ಟ್ ಅಂಗಡಿಯಲ್ಲಿ ವೆಲ್ವೆಟ್ ಡಬ್ಬಿಯೊಳಗೆ ಬಂಗಾರದ ಬಣ್ಣದ ಪೆನ್ ಇತ್ತು. ನೋಡುವುದಕ್ಕೆ ಮದುವಣಗಿತ್ತಿ ಥರ. ಅಲ್ಲೇ ಸಹಿ ಹಾಕಿ ನೋಡಿದೆ, ಸೊಗಸಾಗಿ ಬಂತು. ಮನೆಗೆ ಬಂದು ಬರೆದರೆ ಅಕ್ಷರವೆಲ್ಲಾ ಊದಿಕೊಂಡು ಒಂದಕ್ಕೊಂದು ಅಂಟಿಕೊಂಡವು. ಮೂರನೇ ದಿನ ಕೊರಟಗೆರೆ ಮೇಲೆ ತುಮಕೂರಿಗೆ ಬಸ್ಸಿನಲ್ಲಿ ಹೋಗುವಾಗ ಬ್ಯಾಗಿನೊಳಗೇ ಕಕ್ಕಿತು. ಏಳು ಮಕ್ಕಳ ಕಿರುಪರೀಕ್ಷೆ ಪೇಪರ್ ನೀಲಿ ನೀಲಿ. ವಾಪಸ್ ತಗೊಳ್ಳಿ ಅಂದರೆ, "ಗಿಫ್ಟ್ ಐಟಂ ಮೇಡಂ, ವಾಪಸ್ ಇಲ್ಲ" ಅಂದರು. ಯಾರಿಗೆ ಗಿಫ್ಟ್ ಮಾಡೋಣ ಅದನ್ನ?

ಈಗ ಹಬ್ಬದ ಮುಂಗಡ ಬಂದಿದೆ. ಅದರಲ್ಲಿ 2500 ರೂಪಾಯಿ ಪೆನ್ನಿಗೆ ಅಂತ ತೆಗೆದಿಟ್ಟಿದ್ದೇನೆ. ಮನೆಯವರಿಗೆ ಗೊತ್ತಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು, ತಗೊಂಡರೆ ಚಿನ್ನದ ನಿಬ್ಬಿನದ್ದೇ ತಗೊಳ್ಳಬೇಕು, ಮಿಕ್ಕಿದ್ದೆಲ್ಲಾ ಆಟಿಕೆ ಅನ್ನುತ್ತಾರೆ. ಅದಕ್ಕೆ ನಾನು ತೆಗೆದಿಟ್ಟ ದುಡ್ಡು ಸಾಲದು. ದಿನಾ ಬರೆಯುವವರು ಯಾರಾದರೂ ಇದ್ದರೆ ಹೇಳಿ. ಯಾವ ಪೆನ್, ಯಾವ ಇಂಕು, ಎಂಥ ನೋಟ್‌ಬುಕ್?


ಬಟವಾಡಿ ಹುಡುಗ:

ಮಿಸ್, ನಮಸ್ತೆ. ನಾನು ತುಮಕೂರಿನಲ್ಲಿ ರೂಮ್ ಮಾಡಿಕೊಂಡು ಕೆಎಎಸ್ ಮೇನ್ಸ್‌ಗೆ ಓದುತ್ತಿದ್ದೇನೆ. ಉತ್ತರ ಬರೆದು ಅಭ್ಯಾಸ ಮಾಡುವುದೇ ದಿನಕ್ಕೆ ಮೂರು ಗಂಟೆ.

ನನ್ನ ಹತ್ತಿರ ಇರುವುದು ಪ್ಲಾಟಿನಂ ಪ್ರೆಪಿ. ಜಪಾನ್ ಕಂಪನಿಯದು, ಪಾರದರ್ಶಕ ಪ್ಲಾಸ್ಟಿಕ್, ಇಂಕು ಎಷ್ಟಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. ನಿಬ್ಬಿನ ಮೇಲೆ 03 ಅಂತಿದ್ದರೆ ಫೈನ್, ಅಂದರೆ ಸಣ್ಣ ಗೆರೆ. 05 ಅಂತಿದ್ದರೆ ಮೀಡಿಯಂ, ಕೊಂಚ ದಪ್ಪ. ನನ್ನದು 03. ಇದರ ಮುಚ್ಚಳದ ಒಳಗೆ ಸ್ಪ್ರಿಂಗ್ ಇರುವ ಇನ್ನೊಂದು ಸಣ್ಣ ಮುಚ್ಚಳ ಇದೆ. ಹಾಕಿಟ್ಟರೆ ಒಂದು ವರ್ಷ ಇಂಕು ಒಣಗುವುದಿಲ್ಲ ಅಂತ ಕಂಪನಿಯವರು ಹೇಳುತ್ತಾರೆ. ಒಂದು ವರ್ಷ ನಾನು ಪರೀಕ್ಷೆ ಮಾಡಿಲ್ಲ. ಹಬ್ಬಕ್ಕೆ ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದು ತೆಗೆದರೆ ಮೊದಲ ಅಕ್ಷರದಿಂದಲೇ ಬರೆಯಿತು, ಅದು ಮಾತ್ರ ನಿಜ.

2500 ಎಲ್ಲಾ ಬೇಡ ಮಿಸ್. ಮೊದಲು ಇದನ್ನು ತಗೊಳ್ಳಿ. ಕೈಗೆ ಒಗ್ಗಿದರೆ ಆಮೇಲೆ ದೊಡ್ಡದಕ್ಕೆ ಹೋಗಬಹುದು. ಒಂದೇ ತೊಂದರೆ, ಕ್ಯಾಪ್ ಸೀಳು ಬಿಡುತ್ತದೆ. ನನ್ನ ಮೊದಲನೆಯದಕ್ಕೆ ಸೆಲ್ಲೋಟೇಪ್ ಸುತ್ತಿ ಆರು ತಿಂಗಳು ಓಡಿಸಿದೆ.


ಹಳೇ ಪಹಣಿ:

ಮೇಡಂ, ನಾನು ಕೋಲಾರದವನು. ರಿಟೈರ್ ಆಗಿ ಎಂಟು ವರ್ಷ. ಗ್ರಾಮ ಲೆಕ್ಕಿಗನಾಗಿ ಸೇರಿದವನು. ಪಹಣಿ ಕಂಪ್ಯೂಟರಿಗೆ ಹೋಗುವ ಮುಂಚೆ ಅದನ್ನು ಕೈಯಲ್ಲಿ ಬರೆದು ಬರೆದು ಬೆರಳಿನಲ್ಲಿ ಗಂಟು ಬಂದಿದೆ. ಅದು ಈಗಲೂ ಹೋಗಿಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ಚಿನ್ನದ ವಿಷಯ. ಚಿನ್ನದ ಗಣಿ ಇದ್ದ ಜಿಲ್ಲೆಯವನು ಹೇಳುತ್ತಿದ್ದೇನೆ, ಚಿನ್ನ ಬೇಡ. ನಿಬ್ಬು ಚಿನ್ನದ್ದೇ ಆದರೂ ಕಾಗದಕ್ಕೆ ತಾಗುವ ತುದಿ ಚಿನ್ನ ಅಲ್ಲ. ಚಿನ್ನ ಮೆತ್ತಗೆ, ನಾಲ್ಕು ದಿನಕ್ಕೆ ಸವೆದು ಹೋಗುತ್ತದೆ. ತುದಿಯಲ್ಲಿ ಸಾಸಿವೆಗಿಂತ ಸಣ್ಣದಾದ ಒಂದು ಗುಂಡು ಬೆಸುಗೆ ಹಾಕಿರುತ್ತಾರೆ. ಅದು ಇರಿಡಿಯಂ, ಆಸ್ಮಿಯಂ ಜಾತಿಯ ಗಟ್ಟಿ ಲೋಹ. ಒಳ್ಳೆಯ ಸ್ಟೀಲ್ ನಿಬ್ಬಿಗೂ ಅಂಥದ್ದೇ ಗುಂಡು ಇರುತ್ತದೆ. ಚಿನ್ನ ಯಾಕೆ ಹಾಕುತ್ತಿದ್ದರು ಅಂದರೆ, ಹಿಂದಿನ ಇಂಕಿನಲ್ಲಿ ಆಸಿಡ್ ಜಾಸ್ತಿ. ಉಕ್ಕನ್ನು ತಿನ್ನುತ್ತಿತ್ತು, ಚಿನ್ನವನ್ನು ಮುಟ್ಟುತ್ತಿರಲಿಲ್ಲ. ಈಗಿನ ಮಾಮೂಲಿ ಇಂಕಿಗೆ ಸ್ಟೀಲ್ ಸಾಕು. ಚಿನ್ನದ್ದು ಕೆಲವು ಸಲ ಕೊಂಚ ಬಳುಕುತ್ತದೆ, ಬರೆಯಲು ಸುಖ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಒತ್ತುವ ಕೈಗೆ ಅಲ್ಲ. ನಿಮ್ಮ ಕೈ ಇನ್ನೂ ಬಾಲ್ ಪೆನ್ನಿನ ಕೈ.

ಎರಡನೆಯದು ನೀವು ಮಾಡಿದ ತಪ್ಪು. ಅಂಗಡಿಯಲ್ಲಿ ಸಹಿ ಹಾಕಿ ನೋಡಿದಿರಿ. ಎಲ್ಲರೂ ಅದನ್ನೇ ಮಾಡುತ್ತಾರೆ. ಸಹಿ ಅನ್ನುವುದು ದೊಡ್ಡದಾಗಿ, ಜೋರಾಗಿ, ಅರ್ಧ ಇಂಗ್ಲಿಷಿನಲ್ಲಿ ಎಳೆಯುವ ಗೀಟು. ಅದಕ್ಕೆ ಪೊರಕೆ ಕಡ್ಡಿ ಕೊಟ್ಟರೂ ಚೆನ್ನಾಗಿ ಬರುತ್ತದೆ. ನೀವು ಬರೆಯುವುದು ಕನ್ನಡ. ನಮ್ಮ ಅಕ್ಷರ ಪೂರ್ತಿ ಸುಳಿ, ಹೊಟ್ಟೆ, ತಲಕಟ್ಟು. ದ ಮತ್ತು ಧ ನಡುವೆ ವ್ಯತ್ಯಾಸ ಅಂದರೆ ಕೆಳಗೆ ಒಂದು ಸಣ್ಣ ಸೀಳು. ರ ಮತ್ತು ಠ ನಡುವೆ ಒಂದು ಚುಕ್ಕಿ. ನಿಬ್ಬು ದಪ್ಪ ಇದ್ದರೆ ಚುಕ್ಕಿ ಹೊಟ್ಟೆಯೊಳಗೆ ಕರಗಿ ಹೋಗುತ್ತದೆ. ಅದರ ಮೇಲೆ ಒತ್ತಕ್ಷರ. ಒಂದು ಗೆರೆಯ ಒತ್ತು ಕೆಳಗಿನ ಗೆರೆಯ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಅಕ್ಷರ ಊದಿಕೊಂಡವು ಅಂದಿರಲ್ಲಾ, ಅದು ಬ್ರಾಡ್ ಅಥವಾ ಧಾರಾಳ ಇಂಕು ಬಿಡುವ ಮೀಡಿಯಂ ಇರಬೇಕು.

ಪಹಣಿ ನೋಡಿದ್ದೀರಾ, ಹಳೆಯದು? ಕಲಂ ಅಗಲ ಎರಡು ಬೆರಳು. ಅದರೊಳಗೆ ವೆಂಕಟರಮಣಪ್ಪ ಬಿನ್ ಚಿಕ್ಕಮುನಿಸ್ವಾಮಪ್ಪ ಅಂತ ಬರೆಯಬೇಕು. ಕೆಳಗೆ ಅವನ ತಮ್ಮಂದಿರು ನಾಲ್ಕು ಜನ. ಒಂದು ಒತ್ತು ಕೂಡಿಕೊಂಡರೆ ನಾಳೆ ಯಾರೋ ಕೋರ್ಟಿಗೆ ಹೋಗುತ್ತಾರೆ. ಸೇರಿದ ಹೊಸದರಲ್ಲಿ ದಪ್ಪ ನಿಬ್ಬಿನಲ್ಲಿ ಒಂದು ಪುಟ ಬರೆದೆ. ನಮ್ಮ ಶಿರಸ್ತೇದಾರರು ಕನ್ನಡಕ ಮೇಲೆತ್ತಿ ನೋಡಿ, "ಇದೇನಯ್ಯಾ, ಇರುವೆ ಸತ್ತು ಬಿದ್ದಿದೆಯಾ?" ಅಂದರು. ಅವತ್ತಿನಿಂದ ನಾನು ಫೈನ್ ಬಿಟ್ಟು ಬೇರೆ ಮುಟ್ಟಿಲ್ಲ.

ಆದ್ದರಿಂದ ಫೈನ್ ನಿಬ್ಬು ತಗೊಳ್ಳಿ. ಅದರಲ್ಲೂ ಒಂದು ಸೂಕ್ಷ್ಮ ಇದೆ. ಜಪಾನಿನ ಫೈನ್ ಬೇರೆ, ಯುರೋಪಿನ ಫೈನ್ ಬೇರೆ. ಜಪಾನಿನವರದು ನಮ್ಮ ಹಾಗೇ ಇಕ್ಕಟ್ಟಿನ ಅಕ್ಷರ, ಅದಕ್ಕೆ ಅವರ ನಿಬ್ಬು ಹೆಚ್ಚುಕಡಿಮೆ ಒಂದು ಅಳತೆ ಸಣ್ಣ. ಜಪಾನಿನ ಫೈನ್ ಅಂದರೆ ಯುರೋಪಿನ ಎಕ್ಸ್‌ಟ್ರಾ ಫೈನ್ ಹತ್ತಿರ ಬರುತ್ತದೆ. ಅಂಗಡಿಗೆ ಹೋಗುವಾಗ ದಿನಾ ಬರೆಯುವ ನೋಟ್‌ಬುಕ್ಕನ್ನೇ ಕೈಯಲ್ಲಿ ಹಿಡಿದು ಹೋಗಿ. ಅಂಗಡಿಯವರು ಕೊಡುವ ಕಾಗದ ನುಣ್ಣಗಿರುತ್ತದೆ, ಅದರಲ್ಲಿ ಎಲ್ಲಾ ಪೆನ್ನೂ ಓಡುತ್ತವೆ. ನಿಬ್ಬನ್ನು ಇಂಕಿಗೆ ಅದ್ದಿ ನಿಮ್ಮ ಪುಸ್ತಕದಲ್ಲಿ ನಿಮ್ಮ ಅಳತೆಯಲ್ಲಿ ಎರಡು ಪದ ಬರೆಯಿರಿ. ಒಂದು 'ಧೃತರಾಷ್ಟ್ರ'. ಇನ್ನೊಂದು 'ಪ್ರಾರ್ಥನೆ'. ಸೀಳು, ವಟ್ರಸುಳಿ, ಎರಡು ಒತ್ತು ಒಟ್ಟಿಗೆ, ಅರ್ಕಾವತ್ತು, ಥ ಒಳಗಿನ ಚುಕ್ಕಿ, ಎಲ್ಲಾ ಬಂದು ಹೋಗುತ್ತದೆ. ಆ ಷ್ಟ್ರ ಬಿಡಿಬಿಡಿಯಾಗಿ ಕಂಡರೆ ಪೆನ್ ನಿಮ್ಮದು. ಕಾಣದಿದ್ದರೆ ಲಕ್ಷ ರೂಪಾಯಿದಾದರೂ ವಾಪಸ್ ಇಡಿ.

ನಿಮ್ಮ ದುಡ್ಡಿಗೆ ನಾನು ಹೇಳುವುದು ಎರಡು. ಪೈಲಟ್ ಕಾಕುನೊ, ಜಪಾನಿನದು, 2013ರಲ್ಲಿ ಮಕ್ಕಳು ಬರೆಯುವುದು ಕಲಿಯಲಿ ಅಂತಲೇ ತಂದದ್ದು. ಇನ್ನೊಂದು ಲ್ಯಾಮಿ ಸಫಾರಿ, ಜರ್ಮನಿಯದು, 1980ರಿಂದ ಇದೆ. ಸಫಾರಿಯಲ್ಲಿ ಬೆರಳು ಹಿಡಿಯುವ ಜಾಗ ಮೂರು ಪಟ್ಟೆಯಾಗಿ ಕೆತ್ತಿದೆ. ಕೆಲವರಿಗೆ ಅದು ಬಹಳ ಹಿತ. ನನಗೆ ಸೇರುವುದಿಲ್ಲ, ಮೇಷ್ಟ್ರು ಕೈ ಹಿಡಿದು ತಿದ್ದಿಸಿದ ಹಾಗೆ ಅನಿಸುತ್ತದೆ. ಅದರ ನಿಬ್ಬು ಬೇಕಾದಾಗ ಎಳೆದು ಬೇರೆ ಹಾಕಬಹುದು, ಆ ಅನುಕೂಲ ಇದೆ. ತಗೊಂಡರೆ ಎಕ್ಸ್‌ಟ್ರಾ ಫೈನ್ ತಗೊಳ್ಳಿ. ಕಾಕುನೊ ಆದರೆ ಫೈನ್ ಸಾಕು. ಎರಡಕ್ಕೂ ಇಂಕು ಎಳೆಯುವ ಕನ್ವರ್ಟರ್ ಬೇರೆ ಕೊಳ್ಳಬೇಕಾಗುತ್ತದೆ, ಬಿಲ್ ಹಾಕುವ ಮುಂಚೆ ಕೇಳಿ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ.

ನಮ್ಮ ದೇಶದ ಪೆನ್ ಬೇಕು ಅಂದರೆ ರಾಜಮಂಡ್ರಿ ಕಡೆ ನೋಡಬೇಕು. ನಮ್ಮಪ್ಪನ ಹತ್ತಿರ ರತ್ನಂ ಪೆನ್ ಇತ್ತು. ಸ್ವದೇಶಿ ಕಾಲದಲ್ಲಿ ಶುರುವಾದ ಪೆನ್ ಅದು, ಗಾಂಧೀಜಿಯವರೇ 1935ರಲ್ಲಿ ಮೆಚ್ಚಿ ಕಾಗದ ಬರೆದಿದ್ದರು. ಎಬೊನೈಟ್ ಮೈ. ಅಂದರೆ ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರ್. ಅಂಗೈಯಲ್ಲಿ ಉಜ್ಜಿ ಮೂಸಿದರೆ ಸೈಕಲ್ ಟ್ಯೂಬಿನ ವಾಸನೆ. ಬಿಸಿಲಿನಲ್ಲಿಟ್ಟರೆ ಕಪ್ಪು ಹೋಗಿ ಹಸಿರು ಮಿಶ್ರಿತ ಕಂದು ಬರುತ್ತದೆ. ಅಪ್ಪನದು ಈಗ ಆ ಬಣ್ಣದಲ್ಲೇ ಇದೆ. ಡ್ರಾಪರಿನಲ್ಲಿ ಮೈಯೊಳಗೇ ಇಂಕು ಹಾಕುವುದು. ಒಂದು ಸಲ ತುಂಬಿದರೆ ವಾರ ಬರುತ್ತದೆ. ಆದರೆ ಬಸ್ಸಿನಲ್ಲಿ ಓಡಾಡುವ ನಿಮಗೆ ಬೇಡ. ಒಳಗೆ ಇಂಕು ಕಡಿಮೆಯಾಗಿ ಗಾಳಿ ಜಾಸ್ತಿ ಆದಾಗ, ಕೈ ಬಿಸಿಗೆ ಆ ಗಾಳಿ ಹಿಗ್ಗಿ ಇಂಕನ್ನು ತಳ್ಳಿ ತೊಟ್ಟಿಕ್ಕಿಸುತ್ತದೆ. ಅಪ್ಪನ ಎಡ ಜೇಬು ಯಾವಾಗಲೂ ನೀಲಿ.

ನಿಮ್ಮ ಬಂಗಾರದ ಪೆನ್ ಬ್ಯಾಗಿನಲ್ಲಿ ಕಕ್ಕಿದ್ದೂ ಹೀಗೇ. ಅರ್ಧ ಖಾಲಿ, ತಲೆಕೆಳಗು, ಮೇಲಿಂದ ಬಸ್ಸಿನ ಕುಲುಕಾಟ, ಮಧುಗಿರಿ ಬಿಸಿಲು. ಯಾವ ಪೆನ್ನಾದರೂ ನಿಬ್ಬು ಮೇಲೆ ಮಾಡಿ ಇಡಿ. ಪ್ರಯಾಣದ ದಿನ ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ.

ಬರೆಯುವ ಕ್ರಮದ ಬಗ್ಗೆ ಒಂದು ಮಾತು. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನಿಬ್ಬಿನ ಸೀಳು ಇಂಕನ್ನು ತಾನೇ ಎಳೆದುಕೊಳ್ಳುತ್ತದೆ. ಒತ್ತಿದರೆ ಸೀಳು ಅಗಲವಾಗಿ ಗೆರೆ ದಪ್ಪ ಆಗುತ್ತದೆ ಅಷ್ಟೇ. ಬಾಲ್ ಪೆನ್ನಿನ ಥರ ನೆಟ್ಟಗೆ ನಿಲ್ಲಿಸಬೇಡಿ, ಹಿಂದಕ್ಕೆ ಒರಗಿಸಿ. ಮೊದಲ ವಾರ ಅಕ್ಷರ ಕೆಟ್ಟದಾಗಿ ಬರುತ್ತದೆ. ಮಕ್ಕಳಿಗೆ ತೋರಿಸಬೇಡಿ.


ಚಿಂತಾಮಣಿ ಮಂಡಿ:

ಅಕ್ಕ, ನಾನು ಟೊಮೇಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ಹಳೇ ಪಹಣಿ ಅಣ್ಣ ಹೇಳಿದ್ದೆಲ್ಲಾ ಸರಿ. ಆದರೆ ಬಾಲ್ ಪೆನ್ನನ್ನು ಬಿಸಾಕಬೇಡಿ. ನಮ್ಮ ಬಿಲ್ ಬುಕ್ಕಿನಲ್ಲಿ ಮೂರು ಪ್ರತಿ, ನಡುವೆ ಕಾರ್ಬನ್. ಇಂಕ್ ಪೆನ್ನಿನಲ್ಲಿ ಬರೆದರೆ ಮೇಲಿನ ಹಾಳೆ ಚೆಂದ, ಕೆಳಗಿನ ಎರಡೂ ಖಾಲಿ. ಒಂದು ಸಲ ಶೋಕಿಗೆ ಬರೆದು 40 ಬಾಕ್ಸ್ ಲೆಕ್ಕ ಮತ್ತೆ ಬರೆಯಬೇಕಾಯಿತು, ರೈತ ಎದುರಿಗೇ ನಿಂತಿದ್ದ. ಒದ್ದೆ ಕೈಯಲ್ಲಿ ಮುಟ್ಟಿದರೂ ಅಕ್ಷರ ಹರಡಿಹೋಗುತ್ತದೆ.

ಇನ್ನೊಂದು ವಿಷಯ. "ಒಂದ್ನಿಮಿಷ ಪೆನ್ ಕೊಡಿ" ಅನ್ನುವವರಿಗೆ ಮಾತ್ರ ಕೊಡಬೇಡಿ. ಅವರು ಒತ್ತುತ್ತಾರೆ. ನನ್ನ ಒಂದು ನಿಬ್ಬು ಹಾಗೇ ಹೋಯಿತು, ಕಾಗೆ ಕೊಕ್ಕು ಬಿಟ್ಟ ಹಾಗೆ ಎರಡು ಪಾಲು. ಕೊಡುವುದಕ್ಕೇ ಅಂತ ಐದು ರೂಪಾಯಿದು ಒಂದು ಜೇಬಿನಲ್ಲಿಟ್ಟುಕೊಳ್ಳಿ.


ಮಧುಗಿರಿ ಮಿಸ್:

ಹಳೇ ಪಹಣಿ ಸರ್, ಎಷ್ಟು ವಿವರವಾಗಿ ಬರೆದಿದ್ದೀರಿ, ಧನ್ಯವಾದ. ಇರುವೆ ಸತ್ತ ಮಾತು ಓದಿ ಸ್ಟಾಫ್ ರೂಮಿನಲ್ಲಿ ನಕ್ಕು ಎಲ್ಲರೂ ತಿರುಗಿ ನೋಡಿದರು. ಚಿನ್ನದ ನಿಬ್ಬಿನವರಿಗೂ ಓದಿ ಹೇಳಿದೆ. "ಅವರಿಗೇನು ಗೊತ್ತು" ಅಂದರು.

ಇಂಕು ಮತ್ತು ನೋಟ್‌ಬುಕ್ ಬಗ್ಗೆ ಹೇಳಲಿಲ್ಲ. ಆಮೇಲೆ ತೊಳೆಯುವುದು ಹೇಗೆ? ನಮ್ಮ ಕಡೆ ಬೋರ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಪೆನ್ನಿಗೆ ಆಗುತ್ತದಾ? ತಿದ್ದುವುದಕ್ಕೆ ಕೆಂಪು ಇಂಕೂ ಇದರಲ್ಲೇ ಹಾಕಬಹುದಾ?


ಹಳೇ ಪಹಣಿ:

ಅವರಿಗೆ ನನ್ನ ನಮಸ್ಕಾರ ತಿಳಿಸಿ.

ನೀರಿನ ಪ್ರಶ್ನೆ ಒಳ್ಳೆಯದು. ನಮ್ಮ ಕೋಲಾರದ ನೀರೂ ಹಾಗೇ, ಆಳದ ಬೋರು, ಸುಣ್ಣ ಜಾಸ್ತಿ. ನಿಬ್ಬಿನ ಅಡಿಯಲ್ಲಿ ಒಂದು ಕರಿ ತುಂಡು ಇರುತ್ತದಲ್ಲಾ, ಫೀಡ್ ಅನ್ನುತ್ತಾರೆ. ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆ ಇದೆ. ಇಂಕು ಕೆಳಗಿಳಿಯುವುದು, ಬದಲಿಗೆ ಗಾಳಿ ಒಳಗೆ ಹೋಗುವುದು, ಎರಡೂ ಅಲ್ಲೇ. ಸುಣ್ಣದ ನೀರು ಅಲ್ಲಿ ಒಣಗಿದರೆ ನಿಧಾನಕ್ಕೆ ಕಟ್ಟಿಕೊಳ್ಳುತ್ತದೆ. ಊರಿನ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ತರುತ್ತೀರಲ್ಲಾ, ಆ ಕ್ಯಾನ್ ನೀರಿನಲ್ಲೇ ತೊಳೆಯಿರಿ. ಒಂದು ಲೋಟ ಸಾಕು. ಬಿಸಿ ನೀರು ಬೇಡ, ಸ್ಪಿರಿಟ್ ಅಂತೂ ಬೇಡವೇ ಬೇಡ, ಪ್ಲಾಸ್ಟಿಕ್ ಸೀಳುತ್ತದೆ. ತಣ್ಣೀರಿನಲ್ಲಿ ಕನ್ವರ್ಟರಿನಿಂದ ಎಳೆದು ಬಿಡಿ, ಎಳೆದು ಬಿಡಿ, ನೀರು ಬಿಳಿ ಬರುವ ತನಕ. ಆಮೇಲೆ ಹಳೇ ಪಂಚೆ ತುಂಡಿನ ಮೇಲೆ ನಿಬ್ಬು ಕೆಳಗಾಗಿ ರಾತ್ರಿಯೆಲ್ಲಾ ನಿಲ್ಲಿಸಿ. ಬೆಳಿಗ್ಗೆ ನೋಡಿದರೆ ಬಟ್ಟೆ ಮೇಲೆ ಒಂದು ನೀಲಿ ಹೂವು ಬಿಟ್ಟಿರುತ್ತದೆ. ಅಷ್ಟು ಇಂಕು ಒಳಗೆ ಎಲ್ಲಿತ್ತು ಅಂತ ನನಗೆ ಪ್ರತಿ ಸಲ ಆಶ್ಚರ್ಯ. ತಿಂಗಳಿಗೊಮ್ಮೆ, ಅಥವಾ ಬೇರೆ ಬಣ್ಣ ಹಾಕುವಾಗ. ದಿನಾ ಬರೆಯುವ ಪೆನ್ ಅಷ್ಟು ಬೇಗ ಕಟ್ಟಿಕೊಳ್ಳುವುದಿಲ್ಲ. ಕೆಡುವುದು ಬೀರುವಿನಲ್ಲಿ ಕೂತದ್ದು.

ತುಂಬುವಾಗ ನಿಬ್ಬಿನ ನಡುವಿನ ತೂತೂ ಇಂಕಿನಲ್ಲಿ ಮುಳುಗಲಿ. ಎಳೆದು, ಒಂದು ಸಲ ಪೂರ್ತಿ ವಾಪಸ್ ಬಿಟ್ಟು, ಮತ್ತೆ ಎಳೆಯಿರಿ, ಒಳಗಿನ ಗಾಳಿ ಹೋಗುತ್ತದೆ. ಕೊನೆಗೆ ಎರಡು ಮೂರು ತೊಟ್ಟು ಬಾಟಲಿಗೇ ಬಿಟ್ಟು ಒರೆಸಿ. ನಾವು ಶಾಲೆಯಲ್ಲಿ ತಲೆಕೂದಲಿಗೇ ಒರೆಸುತ್ತಿದ್ದೆವು.

ಇಂಕಿನ ವಿಷಯದಲ್ಲಿ ನಾನು ಹಳೇ ಕಾಲದವನು. ಕ್ಯಾಮ್ಲಿನ್ ರಾಯಲ್ ಬ್ಲೂ ಸಾಕು. ಪಕ್ಕದ ಸ್ಟೇಷನರಿಯಲ್ಲಿ ಸಿಗುತ್ತದೆ, ಪೆನ್ನಿಗೆ ಹಿತ, ಸುಲಭವಾಗಿ ತೊಳೆದು ಹೋಗುತ್ತದೆ. ತೊಳೆದು ಹೋಗುವುದೇ ಅದರ ದೋಷ ಕೂಡ. ಒಂದು ಹನಿ ಮಳೆ ಬಿದ್ದರೆ ಅಕ್ಷರ ಮಾಯ. ಬಿಸಿಲಿಗೆ ಮಾಸುತ್ತದೆ. ದಿನಚರಿಗೆ ಪರವಾಗಿಲ್ಲ. ಆದರೆ ಸಭೆ ನಡಾವಳಿ, ಹಾಜರಾತಿ, ದಾಖಲಾತಿ ಪುಸ್ತಕ ಇಂಥವು ಉಳಿಯಬೇಕಾದವು. ಅದಕ್ಕೆ ಮಂಡಿಯವರು ಹೇಳಿದ ಬಾಲ್ ಪೆನ್ನೇ ಸರಿ. ಸ್ವದೇಶಿ ಇಂಕೇ ಬೇಕು ಅಂದರೆ ಬಂಗಾಳದ ಸುಲೇಖಾ ಇದೆ, 1934ರಿಂದ. ನಡುವೆ ನಿಂತುಹೋಗಿತ್ತು, ಈಗ ಮತ್ತೆ ಮಾಡುತ್ತಾರೆ.

ನೀರಿಗೂ ಹೋಗದ ಇಂಕುಗಳೂ ಇವೆ. ಐರನ್ ಗಾಲ್ ಅನ್ನುತ್ತಾರೆ, ಒಗರಿನ ಕಾಯಿ ರಸ ಮತ್ತು ಕಬ್ಬಿಣದ ಲವಣ. ನಮ್ಮ ಹಿಂದಿನವರು ಅಳಲೆಕಾಯಿಯಲ್ಲಿ ಮಾಡುತ್ತಿದ್ದುದೂ ಅದೇ ಜಾತಿ. ಬರೆದಾಗ ತೆಳು, ಗಾಳಿ ತಾಗಿದ ಮೇಲೆ ಕಪ್ಪು. ಪೆನ್ನಿಗೆ ಅಂತ ಮಾಡಿದ್ದನ್ನು ಮಾತ್ರ ಹಾಕಬೇಕು, ಒಣಗಲು ಬಿಡಬಾರದು. ನೀವು ಇನ್ನೂ ಆ ತಂಟೆಗೆ ಹೋಗಬೇಡಿ. ಹಾಂ, ಡ್ರಾಯಿಂಗ್ ಮಾಡುವ ಇಂಡಿಯನ್ ಇಂಕನ್ನು ಮರೆತೂ ಹಾಕಬೇಡಿ. ಅದರಲ್ಲಿ ಅರಗು ಇರುತ್ತದೆ, ಒಣಗಿದರೆ ಪೆನ್ ಮುಗಿಯಿತು.

ಕೆಂಪಿಗೆ ಬೇರೆ ಪೆನ್. ಆ ಹುಡುಗ ಹೇಳಿದ ಪ್ರೆಪಿ ಒಂದು ತಗೊಂಡು ಕೆಂಪಿಗೆ ಇಡಿ. ಒಂದೇ ಪೆನ್ನಿನಲ್ಲಿ ನೀಲಿ ಕೆಂಪು ಬದಲಾಯಿಸುತ್ತಾ ಕೂತರೆ ವಾರಕ್ಕೆ ಎರಡು ದಿನ ತೊಳೆಯುವುದೇ ಆಗುತ್ತದೆ. ಹಸಿರು ಮಾತ್ರ ಹಾಕಬೇಡಿ, ನಿಮ್ಮ ಹೆಡ್‌ಮಾಸ್ಟರ್ ಬೇಜಾರು ಮಾಡಿಕೊಂಡಾರು.

ನೋಟ್‌ಬುಕ್ ಕೊಳ್ಳುವಾಗ ಜಿಎಸ್‌ಎಂ, ಅಂದರೆ ಕಾಗದದ ತೂಕ, ಅದೊಂದನ್ನೇ ನೋಡಬೇಡಿ. ಕಾಗದಕ್ಕೂ ಸೀರೆಗೆ ಹಾಕಿದ ಹಾಗೆ ಗಂಜಿ ಹಾಕುತ್ತಾರೆ. ಗಂಜಿ ಸರಿಯಾಗಿದ್ದರೆ ಇಂಕು ಮೇಲೇ ನಿಂತು ಒಣಗುತ್ತದೆ. ಇಲ್ಲದಿದ್ದರೆ ನಾರು ಹಿಡಿದು ಬೇರು ಬಿಡುತ್ತದೆ, ಹಿಂದಿನ ಪುಟಕ್ಕೂ ಇಳಿಯುತ್ತದೆ. 70 ಜಿಎಸ್‌ಎಂ ಪುಸ್ತಕ ಚೆನ್ನಾಗಿ ಬರೆದು, 80ರದ್ದು ಬೇರು ಬಿಟ್ಟಿದ್ದು ನೋಡಿದ್ದೇನೆ. ಒಂದೇ ಒಂದು ತಂದು ಕೊನೇ ಪುಟದಲ್ಲಿ ಬರೆದು ನೋಡಿ, ಆಮೇಲೆ ಡಜನ್ ತನ್ನಿ.


ಬಟವಾಡಿ ಹುಡುಗ:

ಅಂಕಲ್, ನನ್ನದು ಸೆಲ್ಲೋಟೇಪ್ ಪೆನ್ ಅಂತ ಕೆಂಪಿಗೆ ಇಳಿಸಿಬಿಟ್ರಾ.


ಹಳೇ ಪಹಣಿ:

ತಿದ್ದುವವರ ಕೈ ಪೆನ್ ಮಾಡಿದ್ದೇನಪ್ಪಾ, ಅದು ಪ್ರಮೋಷನ್.


ಮಧುಗಿರಿ ಮಿಸ್:

ಇಪ್ಪತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಪೆನ್ ತಗೊಂಡೆ.

ನಾದಿನಿ ಮನೆ ಗೃಹಪ್ರವೇಶಕ್ಕೆ ಬೆಂಗಳೂರಿಗೆ ಹೋಗಿದ್ದೆವು. ಮನೆಯವರನ್ನು ಹೂವಿನ ಅಂಗಡಿ ಹತ್ತಿರ ನಿಲ್ಲಿಸಿ ಪೆನ್ ಅಂಗಡಿಗೆ ಹೋದೆ. ಬ್ಯಾಗಿನಿಂದ ಪಾಠ ಟಿಪ್ಪಣಿ ಪುಸ್ತಕ ತೆಗೆದಾಗಲೇ ಅಂಗಡಿಯ ಹುಡುಗ ವಿಚಿತ್ರವಾಗಿ ನೋಡಿದ. ಮೊದಲು ಸಫಾರಿ ಕೊಟ್ಟ. ಅವರ ಹತ್ತಿರ ಮೀಡಿಯಂ ಮಾತ್ರ ಇತ್ತು. ಧೃತರಾಷ್ಟ್ರ ಬರೆದೆ. ಷ್ಟ್ರ ಕೆಳಗೆ ಒಂದು ಉಂಡೆ. ಆಮೇಲೆ ಕಾಕುನೊ ಫೈನ್. ಮತ್ತೆ ಧೃತರಾಷ್ಟ್ರ. ಪೂರ್ತಿ ಬಿಡಿಬಿಡಿ, ಟ ಒತ್ತೂ ಕಾಣುತ್ತದೆ, ರ ಒತ್ತೂ ಕಾಣುತ್ತದೆ. ಮೂರನೆಯದು ಒಂದು ಕೊಟ್ಟ, ಅದರಲ್ಲೂ ಬರೆದೆ. ಹುಡುಗ ತಡೆಯಲಾರದೆ, "ಮೇಡಂ, ಎಲ್ಲಾರೂ ಅವರವರ ಹೆಸರು ಬರೀತಾರೆ, ನೀವ್ಯಾಕೆ ಧೃತರಾಷ್ಟ್ರ?" ಅಂದ. ಕೋಲಾರದವರು ಹೇಳಿದ್ದಾರೆ ಅಂದೆ.

ಕಾಕುನೊ, ಕನ್ವರ್ಟರ್, ಇಂಕು ಮೂರೂ ಸೇರಿ ಇಟ್ಟಿದ್ದ ದುಡ್ಡಿನಲ್ಲಿ ಮಿಕ್ಕಿತು. ಕೆಂಪಿಗೆ ಪ್ರೆಪಿ ತಗೊಂಡೆ. ಬಟವಾಡಿಯವರೇ, ಕ್ಯಾಪ್ ಇನ್ನೂ ಸೀಳಿಲ್ಲ.

ನಿಬ್ಬಿನ ಮೇಲೆ ಒಂದು ಪುಟ್ಟ ನಗುಮುಖ ಕೆತ್ತಿದ್ದಾರೆ, ಅದನ್ನು ಯಾರೂ ಹೇಳಿರಲಿಲ್ಲ. ಎಂಟನೇ ಕ್ಲಾಸಿನ ಹುಡುಗಿ ಒಬ್ಬಳು ನೋಟ್ಸ್ ತೋರಿಸಲು ಬಂದವಳು ಬಗ್ಗಿ ನೋಡಿ, "ಮಿಸ್, ನಿಮ್ಮ ಪೆನ್ ನಗ್ತಾ ಇದೆ" ಅಂದಳು. ಅವತ್ತು ಇಡೀ ಕ್ಲಾಸಿಗೆ ತೋರಿಸಬೇಕಾಯಿತು. ಒಬ್ಬ ಬಾಟಲಿ ಬೀಳಿಸಿದ. ಕಿವಿ ಹಿಂಡುವ ಮುಂಚೆ ಅವನೇ ಸೀಮೆಸುಣ್ಣ ತಂದು ಚೆಲ್ಲಿದ ಇಂಕಿನ ಮೇಲೆ ಅಡ್ಡ ಇಟ್ಟ. ಸುಣ್ಣ ಪೂರ್ತಿ ನೀಲಿ ಕುಡಿಯಿತು. ಇವರಿಗೆ ಇದನ್ನು ಯಾರು ಹೇಳಿಕೊಟ್ಟರೋ. ನಾವು ಮಾಡುತ್ತಿದ್ದುದೂ ಅದೇ ಅಲ್ವಾ.

ಹೆಬ್ಬೆರಳು ಪರವಾಗಿಲ್ಲ. ಒತ್ತುವುದು ಇನ್ನೂ ಪೂರ್ತಿ ಬಿಟ್ಟಿಲ್ಲ, ಸಂಜೆ ಹೊತ್ತಿಗೆ ನೆನಪು ಹೋಗುತ್ತದೆ. ಬೆಳಗಿನ ಪುಟ ಸಣ್ಣ ಗೆರೆ, ಸಂಜೆಯ ಪುಟ ದಪ್ಪ ಗೆರೆ.

ಹಳೇ ಪಹಣಿ ಸರ್, ಒಂದೇ ತೊಂದರೆ. ತಲಕಟ್ಟು ಎಳೆಯುವಾಗ ಕೆಲವು ಸಲ ಕಾಗದ ಕೆರೆಯುತ್ತದೆ. ಕೊಂಬು, ಸುಳಿ ಎಲ್ಲಾ ಬೆಣ್ಣೆ. ತಲಕಟ್ಟು ಮಾತ್ರ ಕರಕರ. ಅದೂ ಪುಟದ ಕೊನೆಗೆ ಬಂದಾಗ ಜಾಸ್ತಿ. ನಿಬ್ಬು ಕೆಟ್ಟದ್ದು ಬಂತಾ? ವಾಪಸ್ ಕೊಡಲಾ?


ಹಳೇ ಪಹಣಿ:

ವಾಪಸ್ ಬೇಡ, ತಡೆಯಿರಿ. ನಿಬ್ಬಿನ ದೋಷವಾದರೆ ಪುಟದ ಮೇಲೂ ಕೆರೆಯಬೇಕು, ಕೆಳಗೂ ಕೆರೆಯಬೇಕು. ಕೊನೆಗೆ ಮಾತ್ರ ಅಂದರೆ ಕೈ ಕೆಳಗಿಳಿಯುತ್ತಾ ಪೆನ್ ಬೆರಳಲ್ಲಿ ತಿರುಗುತ್ತಿದೆ. ಆಗ ಸೀಳಿನ ಒಂದೇ ಪಕ್ಕ ಕಾಗದಕ್ಕೆ ತಾಗುತ್ತದೆ, ಅದರ ಅಂಚು ಕೆರೆಯುತ್ತದೆ. ತಲಕಟ್ಟು ಅಡ್ಡ ಎಳೆಯುವ ಗೆರೆ, ಅದಕ್ಕೆ ಅಲ್ಲೇ ಗೊತ್ತಾಗುವುದು.

ಆ ನಗುಮುಖ ಸುಮ್ನೆ ಅಂದಕ್ಕೆ ಹಾಕಿದ್ದಲ್ಲ. ಮಕ್ಕಳಿಗೆ ಯಾವ ಕಡೆ ಮೇಲೆ ಅಂತ ಗೊತ್ತಾಗಲಿ ಅಂತ. ಬರೆಯುವಾಗ ಅದು ಸೂರು ನೋಡಬೇಕು. ಇವತ್ತು ಪುಟದ ಕೊನೇ ಗೆರೆಗೆ ಬಂದಾಗ ಕೈ ನಿಲ್ಲಿಸಿ, ಅದು ಎಲ್ಲಿ ನೋಡುತ್ತಿದೆ ನೋಡಿ. ಪುಸ್ತಕವನ್ನು ಒಂದು ಗೇಣು ಮೇಲಕ್ಕೆ ತಳ್ಳಿ ಬರೆಯಿರಿ, ಕೈ ಮಡಚುವುದು ತಪ್ಪುತ್ತದೆ.


ಮಧುಗಿರಿ ಮಿಸ್:

ಸರ್, ಈಗ ನೋಡಿದೆ. ಪೂರ್ತಿ ಕಿಟಕಿ ನೋಡುತ್ತಿತ್ತು.

ಪುಸ್ತಕ ಮೇಲೆ ತಳ್ಳಿ ಧೃತರಾಷ್ಟ್ರ ಬರೆದೆ. ಕೆರೆಯಲಿಲ್ಲ. ಮನೆಯವರು ಹಿಂದೆ ಬಂದು ನಿಂತು, "ಏನೇ ಇದು, ಪುಟ ತುಂಬಾ ಅವನ ಹೆಸರು?" ಅಂದರು. ಪೆನ್ನಿನ ವಿಷಯ ಈಗ ಹೇಳಲೇಬೇಕು.